ಕೊಡಗಿನಲ್ಲಿ ರೋಡ್ ಸೈಕ್ಲಿಂಗ್: ಮೊದಲ ಸವಾರಿಯಿಂದ ಮೊದಲ ರೇಸ್‌ವರೆಗೆ

ಕೊಡಗಿನಲ್ಲಿ ಸೈಕಲ್ ತುಳಿಯುವವರಿಗೆ ಏರು ಹತ್ತುವುದನ್ನು ಯಾರೂ ಕೂತು ಹೇಳಿಕೊಡಬೇಕಾಗಿಲ್ಲ. ಮನೆಯ ಗೇಟು ದಾಟಿದ ಕೂಡಲೇ ರಸ್ತೆಯೇ ಅದನ್ನು ಕಲಿಸಲು ಶುರುಮಾಡುತ್ತದೆ. ಆದರೂ ಇಲ್ಲಿಂದ ಮೈಸೂರು, ಬೆಂಗಳೂರಿನ ರೇಸುಗಳಿಗೆ ಹೋದ ಹುಡುಗರು ಮೊದಲ ಸಲ ಹಿಂದೆ ಬೀಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರು ಸೋಲುವುದು ಏರಿನಲ್ಲಲ್ಲ. ಸಮತಟ್ಟಾದ ರಸ್ತೆಯಲ್ಲಿ ಗುಂಪು ಕೈತಪ್ಪಿ, ಒಂಟಿಯಾಗಿ ಗಾಳಿಗೆ ಎದೆಯೊಡ್ಡಿ ಸೋಲುತ್ತಾರೆ. ಇಲ್ಲವೇ ಇಳಿಜಾರಿನಲ್ಲಿ ಹೆದರಿ ಬ್ರೇಕ್ ಹಿಡಿದು, ಏರಿನಲ್ಲಿ ಗಳಿಸಿದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಇಳಿಯುವುದಕ್ಕೂ ಗುಂಪಿನಲ್ಲಿ ಓಡಿಸುವುದಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಾಕಿ ಆಡುವ ಮಗುವಿಗೆ ಕೊಡಗಿನಲ್ಲಿ ಮೈದಾನವಿದೆ, ಹೇಳಿಕೊಡುವ ಹಿರಿಯರಿದ್ದಾರೆ, 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವಿದೆ. ಸೈಕ್ಲಿಂಗ್‌ಗೆ ಅಂಥ ಆಸರೆ ಇನ್ನೂ ಬೆಳೆದಿಲ್ಲ. ಕಲಿಯುವವರು ಬಹುಮಟ್ಟಿಗೆ ತಾವೇ ಕಲಿಯಬೇಕು. ಹಾಗೆ ಕಲಿಯುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿದಿದ್ದರೆ ಒಂದು ವರ್ಷವಾದರೂ ಉಳಿಯುತ್ತದೆ.

ಸೈಕಲ್: ಕೊಳ್ಳುವ ಮುನ್ನ

ಮನೆಯಲ್ಲಿ ಗೇರ್ ಇರುವ ಯಾವುದಾದರೂ ಸೈಕಲ್ ಇದ್ದರೆ ಮೊದಲ ಎರಡು ತಿಂಗಳು ಅದರಲ್ಲೇ ಓಡಿಸಿ. ಎರಡು ತಿಂಗಳ ನಂತರವೂ ಬೆಳಿಗ್ಗೆ ತಾನಾಗಿ ಎಚ್ಚರವಾಗುತ್ತಿದ್ದರೆ ಆಗ ರೋಡ್ ಸೈಕಲ್ (ಕೆಳಕ್ಕೆ ಬಾಗಿದ ಹ್ಯಾಂಡಲ್, ತೆಳ್ಳನೆಯ ಟಯರಿನ ಸೈಕಲ್) ಹುಡುಕಿ. ಹೊಸದಕ್ಕೆ ಬೆಲೆ ಹೆಚ್ಚು. ಅದಕ್ಕಿಂತ ಕಡಿಮೆಯಲ್ಲಿ ಒಳ್ಳೆಯ ಬಳಸಿದ ಸೈಕಲ್ ಸಿಗಬಹುದು. ಕೊಳ್ಳುವಾಗ ಅನುಭವಿಗಳೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಬಳಸಿದ ಸೈಕಲ್ ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ. ಒಂದು ಸ್ಕೇಲ್ ತೆಗೆದುಕೊಂಡು ಹೋಗಿ ಚೈನ್ ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕು ಕೊಂಡಿ ದಾಟಿ ಬರುವ ಪಿನ್ನಿನ ನಡುವಿಗೆ ಸರಿಯಾಗಿ 12 ಇಂಚು ಇರಬೇಕು. ಒಂದಿಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾಗಿದ್ದರೂ ಆ ಚೈನ್ ಸವೆದಿದೆ ಎಂದರ್ಥ. ಬಹುಶಃ ಹಿಂದಿನ ಹಲ್ಲುಚಕ್ರಗಳನ್ನೂ ಅದು ಸವೆಸಿರುತ್ತದೆ. ಬೆಲೆ ಮಾತಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ಫ್ರೇಮಿನ ಬೆಸುಗೆಗಳ ಸುತ್ತ ಬೆರಳಾಡಿಸಿ ಬಿರುಕು ಇದೆಯೇ ನೋಡಿ. ಚಕ್ರ ಎತ್ತಿ ತಿರುಗಿಸಿ, ರಿಮ್ ಅತ್ತಿತ್ತ ಹೊಯ್ದಾಡುತ್ತದೆಯೇ ಗಮನಿಸಿ.

ನಮ್ಮ ರಸ್ತೆಗಳಿಗೆ ಎರಡು ವಿಷಯ ಮುಖ್ಯ. ಒಂದು ಗೇರ್. ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 34 ಹಲ್ಲಿನವರೆಗಿನ ಚಕ್ರಗಳ ಜೋಡಣೆ (50-34, 11-34) ಇದ್ದರೆ ಅತಿ ಸಣ್ಣ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು ತಿರುಗುತ್ತದೆ. ಮಂಡಿ ಉಳಿಸಿಕೊಂಡು ತಲಕಾವೇರಿ ಹತ್ತಲು ಅದು ಬೇಕು. ಹಿಂದಿನ ದೊಡ್ಡ ಹಲ್ಲುಚಕ್ರ 25ಕ್ಕೇ ನಿಂತಿರುವ ಸೈಕಲ್ ಬಯಲುಸೀಮೆಗೆ ಸರಿ, ಹೊಸಬರಿಗೆ ಇಲ್ಲಿ ಕಷ್ಟ. ಇನ್ನೊಂದು ಟಯರ್. 28 ಮಿ.ಮೀ. ಅಗಲದ್ದು ಹಾಕಿಸಿ. ಎಪ್ಪತ್ತು ಕೆ.ಜಿ. ತೂಕದವರಿಗೆ 75–80 ಪಿಎಸ್‌ಐ ಗಾಳಿ ಸಾಕು, ರಸ್ತೆ ಒದ್ದೆಯಾಗಿದ್ದರೆ ಐದು ಕಡಿಮೆ ಮಾಡಿ. ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ತುಂಬಿಸಿದ ಟಯರ್ ವೇಗವಾಗಿ ಓಡುತ್ತದೆ ಎಂಬುದು ಹಳೆಯ ನಂಬಿಕೆ. ಒರಟು ಡಾಂಬರಿನ ಮೇಲೆ ಅದು ಪುಟಿಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ.

ತೂಕದ ಚಿಂತೆ ಬಿಡಿ. ಅಂತರರಾಷ್ಟ್ರೀಯ ಒಕ್ಕೂಟವಾದ ಯುಸಿಐ ತನ್ನ ರೇಸುಗಳಲ್ಲಿ 6.8 ಕೆ.ಜಿ.ಗಿಂತ ಹಗುರವಾದ ಸೈಕಲ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ನಿಮ್ಮದು ಹತ್ತು ಕೆ.ಜಿ. ಇದ್ದರೆ ಮೊದಲ ಎರಡು ವರ್ಷ ಅದರಿಂದ ಏನೂ ಕೆಡುವುದಿಲ್ಲ. ಉಳಿದ ಹಣವನ್ನು ಒಳ್ಳೆಯ ಹೆಲ್ಮೆಟ್‌ಗೆ, ಹಿಂದೆ ಮಿನುಗುವ ಕೆಂಪು ದೀಪಕ್ಕೆ, ಪ್ಯಾಡ್ ಇರುವ ಒಂದು ಜೊತೆ ಚಡ್ಡಿಗೆ, ಎರಡು ಟ್ಯೂಬ್ ಮತ್ತು ಸಣ್ಣ ಪಂಪ್‌ಗೆ ಹಾಕಿ. ರಸ್ತೆಬದಿಯ ಪಂಕ್ಚರ್ ಅಂಗಡಿಗಳಲ್ಲಿ ಈ ತೆಳ್ಳನೆಯ ಟ್ಯೂಬ್ ಸಿಗುವುದು ಅಪರೂಪ. ಟ್ಯೂಬ್ ಬದಲಿಸುವುದನ್ನು ಮನೆಯ ಜಗಲಿಯಲ್ಲಿ ಹತ್ತು ಸಲ ಅಭ್ಯಾಸ ಮಾಡಿ. ಹೊಸ ಟ್ಯೂಬ್ ಹಾಕುವ ಮುನ್ನ ಟಯರಿನ ಒಳಗೆ ಬೆರಳಾಡಿಸಿ ಮುಳ್ಳೋ ತಂತಿಯ ಚೂರೋ ಇದೆಯೇ ನೋಡುವುದನ್ನು ಮರೆಯಬೇಡಿ. ಅದನ್ನು ಬಿಟ್ಟರೆ ಎರಡನೆಯ ಟ್ಯೂಬೂ ಅಲ್ಲೇ ಹೋಗುತ್ತದೆ.

ಸೀಟಿನ ಎತ್ತರ

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. ಎರಡೂ ಪೆಡಲಿನ ತೋಳುಗಳು ಕೂಡಿಕೊಂಡಿರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ದೂರ ಇರಲಿ. ಅಳತೆ 80 ಸೆಂ.ಮೀ. ಬಂದರೆ ಸೀಟು 70.6 ಸೆಂ.ಮೀ. ಎತ್ತರದಲ್ಲಿರಬೇಕು. ಇದು ಆರಂಭದ ಲೆಕ್ಕ ಮಾತ್ರ. ಮಂಡಿಯ ಮುಂಭಾಗ ನೋಯತೊಡಗಿದರೆ ಸೀಟು ತಗ್ಗಾಗಿದೆ, ಹಿಂಭಾಗ ನೋಯತೊಡಗಿದರೆ ಎತ್ತರವಾಗಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಒಮ್ಮೆಗೆ ಮೂರು ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ.

ಮೊದಲ ಎರಡು ತಿಂಗಳು

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಒಂದೊಂದು ಗಂಟೆ, ಭಾನುವಾರ ಎರಡು ಗಂಟೆ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗದಲ್ಲಿ ಹೋಗಿ. ಕೊಡಗಿನಲ್ಲಿ ಈ ನಿಯಮ ಪಾಲಿಸುವುದು ನಿಜಕ್ಕೂ ಕಷ್ಟ, ಏಕೆಂದರೆ ಸಣ್ಣ ಏರೊಂದು ಬಂದರೂ ಉಸಿರು ಹೆಚ್ಚುತ್ತದೆ. ಅದಕ್ಕೇ ಏರು ಬರುವ ಮೊದಲೇ ಸಣ್ಣ ಗೇರಿಗೆ ಇಳಿಯಿರಿ. ಏರಿನ ನಡುವೆ ಪೆಡಲನ್ನು ಜೋರಾಗಿ ಒತ್ತುತ್ತಾ ಗೇರ್ ಬದಲಿಸಿದರೆ ಚೈನ್ ಕಳಚಬಹುದು. ಸಮತಟ್ಟಿನಲ್ಲಿ ನಿಮಿಷಕ್ಕೆ 80–90 ಸುತ್ತು, ಏರಿನಲ್ಲಿ 65–75 ಸುತ್ತು ತುಳಿಯುವ ಲಯ ಕಾಲಿಗೆ ಅಂಟಿಕೊಳ್ಳಲಿ.

ಮೂರನೆಯ ತಿಂಗಳಿಂದ ವಾರದಲ್ಲಿ ಒಂದು ದಿನ ಏರಿನ ಅಭ್ಯಾಸ ಸೇರಿಸಿ. ಆರು ನಿಮಿಷ ಹಿಡಿಯುವ ಒಂದು ಏರು ಆರಿಸಿ, ಅದನ್ನು ಮಾತಾಡಲಾಗದಷ್ಟು ಶ್ರಮದಿಂದ ನಾಲ್ಕು ಸಲ ಹತ್ತಿ, ನಿಧಾನವಾಗಿ ಇಳಿಯಿರಿ. ಮೊದಲ ಸಲ ಎಷ್ಟು ಹೊತ್ತಿಗೆ ಹತ್ತಿದಿರೋ ನಾಲ್ಕನೆಯ ಸಲವೂ ಅಷ್ಟೇ ಹೊತ್ತಿಗೆ ಹತ್ತಬೇಕು. ನಾಲ್ಕನೆಯದು ಒಂದು ನಿಮಿಷ ತಡವಾದರೆ ಮೊದಲನೆಯದನ್ನು ಅತಿಯಾಗಿ ಹತ್ತಿದ್ದೀರಿ. ಕುಶಾಲನಗರದಿಂದ ಸುಂಟಿಕೊಪ್ಪದ ಮೂಲಕ ಮಡಿಕೇರಿಗೆ ಸುಮಾರು 30 ಕಿ.ಮೀ. ಹತ್ತುವುದು, ಭಾಗಮಂಡಲದಿಂದ 1,276 ಮೀಟರ್ ಎತ್ತರದ ತಲಕಾವೇರಿಗೆ 8 ಕಿ.ಮೀ. ಹತ್ತುವುದು, ಇವು ತಿಂಗಳಿಗೊಮ್ಮೆ ನಿಮ್ಮನ್ನು ನೀವೇ ಅಳೆದುಕೊಳ್ಳುವ ದಾರಿಗಳು. ಏರಿನ ಬಗ್ಗೆ ಇಷ್ಟು ಸಾಕು.

ಇಳಿಯುವುದನ್ನು ಕಲಿಯಿರಿ

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆಯಲ್ಲಿ ಮದೆನಾಡಿನ ಕೆಳಗೆ ಒಂದು ತಿರುವಿನಲ್ಲಿ ನಾನು ಬಿದ್ದಿದ್ದೇನೆ. ಹಿಂದಿನ ರಾತ್ರಿ ಮಳೆ ಬಂದಿತ್ತು, ಬೆಳಿಗ್ಗೆ ಬಿಸಿಲು ಬಿದ್ದು ರಸ್ತೆಯ ನಡುಭಾಗ ಒಣಗಿತ್ತು. ತಿರುವಿನ ಒಳಅಂಚಿನಲ್ಲಿ ಮಾತ್ರ ಸಿಲ್ವರ್ ಓಕ್ ಎಲೆಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ವೇಗ ಹೆಚ್ಚಾಯಿತು ಎಂದು ನನಗೆ ಹೊಳೆದದ್ದು ಸೈಕಲ್ ವಾಲಿದ ಮೇಲೆ. ವಾಲಿದ ಸೈಕಲ್ಲಿನ ಮುಂದಿನ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಎಲೆಯ ಮೇಲೆ ಹೊರಟೇ ಹೋಯಿತು. ಮೊಣಕೈ, ಸೊಂಟದ ಚರ್ಮ ಕಿತ್ತುಹೋಯಿತು. ಹಿಂದೆ ವಾಹನ ಬರದೇ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು. ತಪ್ಪು ಎಲೆಯದಲ್ಲ, ಬ್ರೇಕ್ ಹಿಡಿದ ಹೊತ್ತಿನದು.

ವೇಗವನ್ನು ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಇಳಿಸಿ ಮುಗಿಸಬೇಕು. ತಿರುವಿನೊಳಗೆ ಬಂದ ಮೇಲೆ ಬೆರಳುಗಳು ಬ್ರೇಕಿನ ಮೇಲೆ ಇರಬಹುದು, ಒತ್ತಬಾರದು. ಕೈಗಳು ಹ್ಯಾಂಡಲಿನ ಕೆಳಬಾಗಿನಲ್ಲಿರಲಿ. ಅಲ್ಲಿಂದ ಬ್ರೇಕ್ ಹಿಡಿಯಲು ಬಲ ಹೆಚ್ಚು, ದೇಹದ ಭಾರವೂ ನೆಲಕ್ಕೆ ಹತ್ತಿರವಾಗುತ್ತದೆ. ಹೊರಬದಿಯ ಕಾಲು ಕೆಳಗಿರಲಿ, ದೇಹದ ಭಾರವೆಲ್ಲ ಆ ಕಾಲಿನ ಮೇಲೆ ನಿಲ್ಲಲಿ. ಬಲಕ್ಕೆ ತಿರುಗುವಾಗ ಎಡಗಾಲು ಕೆಳಗೆ, ಎಡಕ್ಕೆ ತಿರುಗುವಾಗ ಬಲಗಾಲು. ಕಣ್ಣು ಮುಂದಿನ ಚಕ್ರದ ಮೇಲೆ ಇರಬಾರದು, ತಿರುವು ಎಲ್ಲಿ ಬಿಚ್ಚಿಕೊಳ್ಳುತ್ತದೋ ಅಲ್ಲಿರಬೇಕು. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ. ಹೊಂಡವನ್ನೇ ದಿಟ್ಟಿಸಿದವರು ಹೊಂಡಕ್ಕೇ ಇಳಿಯುತ್ತಾರೆ.

ಮುಂದಿನ ಬ್ರೇಕಿಗೆ ಹೆದರಬೇಡಿ. ಒಣ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿಯ ಬಹುಪಾಲು ಅದರಲ್ಲೇ ಇದೆ. ಒತ್ತುವಾಗ ಸೊಂಟವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಒಮ್ಮೆಗೇ ಹಿಡಿಯದೆ ಹದವಾಗಿ ಬಲ ಹೆಚ್ಚಿಸುತ್ತಾ ಹೋಗಿ. ಸಂಪಾಜೆ ರಸ್ತೆಯಂಥ ಇಳಿಜಾರಿನಲ್ಲಿ ಸುಮಾರು ಒಂದು ಸಾವಿರ ಮೀಟರ್ ಕೆಳಗಿಳಿಯುತ್ತೀರಿ. ಅಷ್ಟುದ್ದಕ್ಕೂ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇದ್ದರೆ ರಿಮ್ ಕಾಯುತ್ತದೆ. ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಆ ಬಿಸಿಗೆ ಟ್ಯೂಬ್ ಒಡೆಯುವುದೂ ಉಂಟು. ಜೋರಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಗಾಳಿಗೆ ಆರಲು ಬಿಡಿ, ಮತ್ತೆ ಒತ್ತಿ. ಒದ್ದೆಯಾದ ರಿಮ್ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ, ನೀರು ಒರೆಸಿಹೋದ ಮೇಲೆ ತಟ್ಟನೆ ಹಿಡಿಯುತ್ತದೆ. ಮಳೆಯಲ್ಲಿ ಇನ್ನೂ ಮುಂಚೆಯೇ ಒತ್ತಲು ಶುರುಮಾಡಿ.

ವೃತ್ತಿಪರರು ಸೀಟು ಬಿಟ್ಟು ಫ್ರೇಮಿನ ಮೇಲೆ ಕೂತು ಮುದುಡಿಕೊಂಡು ಇಳಿಯುವ ಹಳೆಯ ವಿಡಿಯೊಗಳನ್ನು ನೋಡಿ ಅನುಕರಿಸಬೇಡಿ. ಆ ಭಂಗಿಯನ್ನು ಯುಸಿಐ 2021ರಲ್ಲಿ ನಿಷೇಧಿಸಿದೆ.

ಇಷ್ಟನ್ನೂ ಮೊದಲು ಘಾಟಿಯಲ್ಲಿ ಕಲಿಯಬೇಡಿ. ಶಾಲೆಯ ಮೈದಾನದಲ್ಲಿ ನಾಲ್ಕು ನೀರಿನ ಬಾಟಲಿ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗಿಸಿ. ಒಂದು ಗೆರೆ ಎಳೆದು, ಗಂಟೆಗೆ 25 ಕಿ.ಮೀ. ವೇಗದಿಂದ ಬಂದು ಗೆರೆಯ ಮೇಲೆ ನಿಲ್ಲುವುದನ್ನು ಇಪ್ಪತ್ತು ಸಲ ಮಾಡಿ. ಆಮೇಲೆ ಎರಡೇ ಎರಡು ತಿರುವಿರುವ, ವಾಹನ ಕಡಿಮೆ ಇರುವ ಇಳಿಜಾರೊಂದನ್ನು ಆರಿಸಿ ಅದನ್ನೇ ಮತ್ತೆ ಮತ್ತೆ ಇಳಿಯಿರಿ.

ಮಂಜು, ಮಳೆ, ಆನೆ

ಕೊಡಗಿನ ರಸ್ತೆಗೆ ಅದರದ್ದೇ ನಡವಳಿಕೆ ಇದೆ. ಮರದ ನೆರಳು ಬಿಡದೆ ಬೀಳುವ ಕಡೆ ಮಳೆ ನಿಂತ ಎಷ್ಟೋ ದಿನಗಳ ನಂತರವೂ ಅಂಚಿನಲ್ಲಿ ಪಾಚಿ ಇರುತ್ತದೆ. ಲಾರಿಗಳು ಏದುಸಿರು ಬಿಡುತ್ತಾ ಹತ್ತುವ ಹೇರ್‌ಪಿನ್ ತಿರುವುಗಳಲ್ಲಿ ಡೀಸೆಲ್ ಚೆಲ್ಲಿರುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆಯ ಮಂಜಿನಲ್ಲಿ ನೀವು ಹಿಂದಿನ ವಾಹನದವರಿಗೆ ಕಾಣುವುದೇ ಇಲ್ಲ, ದೀಪವಿಲ್ಲದೆ ಹೊರಡಲೇಬಾರದು. ಶನಿವಾರ, ಭಾನುವಾರ ಪ್ರವಾಸಿ ವಾಹನಗಳು ಹೆಚ್ಚಾಗುವ ಮುನ್ನ, ಎಂಟು ಗಂಟೆಯೊಳಗೆ ಹೆದ್ದಾರಿ ಬಿಟ್ಟಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರಾಗಿರುವ ದಿನ ಘಾಟಿ ರಸ್ತೆಗೆ ಹೋಗಬೇಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಭೂಕುಸಿತದಿಂದ ಕೊಚ್ಚಿಹೋದದ್ದನ್ನು ಇಲ್ಲಿಯವರು ಮರೆತಿಲ್ಲ. ಆ ತಿಂಗಳುಗಳಲ್ಲಿ ಜಗಲಿಯಲ್ಲಿ ಟ್ರೇನರ್ ಎಂಬ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ ನಿಂತಲ್ಲೇ ತುಳಿಯಬಹುದು. ಅದಿಲ್ಲದಿದ್ದರೆ ಬಸ್ಕಿ ಹೊಡೆಯಿರಿ, ಮೆಟ್ಟಿಲು ಹತ್ತಿ.

ಆನೆಯ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ಸಿದ್ದಾಪುರದ ತೋಟಗಳ ನಡುವಿನ ರಸ್ತೆ, ತಿತಿಮತಿ, ಮಾಕುಟ್ಟ, ಕುಶಾಲನಗರದ ಬಳಿಯ ಆನೆಕಾಡು, ಎಲ್ಲಿಯೂ ಪೂರ್ತಿ ಬೆಳಕು ಹರಿಯದೆ ಸೈಕಲ್ ಓಡಿಸಬಾರದು. ಸೈಕಲ್‌ಗೆ ಸದ್ದಿಲ್ಲ. ನೀವು ಬರುವುದು ಆನೆಗೆ ತಿಳಿಯುವುದಿಲ್ಲ, ತಿರುವಿನಾಚೆ ಅದು ಇರುವುದು ನಿಮಗೂ ತಿಳಿಯುವುದಿಲ್ಲ. ತೋಟದ ಕೆಲಸದವರ ಜೀಪುಗಳು ಓಡಾಡತೊಡಗಿದ ಮೇಲೆ ಹೊರಡಿ. ದಾರಿಯ ಅಂಗಡಿಯಲ್ಲಿ "ರಾತ್ರಿ ಆನೆ ದಾಟಿದೆಯೇ" ಎಂದು ಕೇಳಿ. ಕಂಡರೆ ದೂರದಲ್ಲೇ ನಿಂತು ಹಿಂದಿರುಗಿ, ಬೆಲ್ ಹೊಡೆಯಬೇಡಿ, ಪಕ್ಕದಿಂದ ನುಗ್ಗಲು ನೋಡಬೇಡಿ.

ಗುಂಪಿನಲ್ಲಿ ಓಡಿಸುವುದು

ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಭೇದಿಸಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ಸಮತಟ್ಟಿನಲ್ಲಿ ವೇಗವಾಗಿ ಹೋಗುವಾಗ ಇನ್ನೊಬ್ಬರ ಹಿಂದೆ ಅವರ ಗಾಳಿಮರೆಯಲ್ಲಿ ಹತ್ತಿರ ಓಡಿಸಿದರೆ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಘಾಟಿಯಲ್ಲಿ ಗಂಟೆಗೆ ಹನ್ನೆರಡು ಕಿ.ಮೀ. ವೇಗದಲ್ಲಿ ಹತ್ತುವವರಿಗೆ ಈ ಲಾಭ ಕಾಣಿಸುವುದೇ ಇಲ್ಲ. ನಮ್ಮವರು ಗುಂಪಿನ ಬೆಲೆ ತಿಳಿಯದೇ ಬೆಳೆಯುವುದಕ್ಕೆ ಕಾರಣ ಇದೇ. ವಿಜಯಪುರ, ಬಾಗಲಕೋಟೆಯ ಕಡೆಯ ಸೈಕ್ಲಿಸ್ಟರು ಬಯಲಿನ ಗಾಳಿಯಲ್ಲೇ ಬೆಳೆದವರು. ಮುಂದಿನವರ ಮರೆಯಲ್ಲಿ ಓಡಿಸುವುದು ಅವರಿಗೆ ನಡೆದಷ್ಟೇ ಸಹಜ. ರಾಜ್ಯಮಟ್ಟದ ರೇಸಿನಲ್ಲಿ ನೀವು ಎದುರಿಸಬೇಕಾದದ್ದು ಅವರನ್ನು.

ನಮ್ಮಲ್ಲಿಯೂ ಸಮತಟ್ಟು ಇಲ್ಲದೆ ಇಲ್ಲ. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ಕಡೆಗೆ ಕಾವೇರಿಯ ಬದಿಯ ಬಯಲಿನಲ್ಲಿ ಸಾಗುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಾನು ಕಲಿತದ್ದೂ ಅಲ್ಲೇ, ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರ ಹಿಂದೆ. ಮೊದಲ ದಿನ ನಾನು ಅವರ ಹಿಂದಿನ ಚಕ್ರವನ್ನೇ ನೋಡುತ್ತಾ, ಅದು ನಿಧಾನವಾದಾಗಲೆಲ್ಲ ಬ್ರೇಕ್ ಹಿಡಿಯುತ್ತಿದ್ದೆ. ಕೂಡಿಗೆಯ ಸೇತುವೆ ದಾಟಿದ ಮೇಲೆ ಅವರು ತಿರುಗದೆಯೇ ಹೇಳಿದರು: "ಚಕ್ರ ನೋಡಬೇಡ. ನನ್ನ ಭುಜ ನೋಡು, ಭುಜದ ಮೇಲಿನಿಂದ ರಸ್ತೆ ನೋಡು. ಬ್ರೇಕಿನ ಸದ್ದು ನನಗೆ ಕೇಳಿಸಬಾರದು." ಬ್ರೇಕ್ ಬೇಡವೆಂದರೆ ಏನು ಮಾಡಬೇಕು? ತುಳಿಯುವುದನ್ನು ಅರೆಕ್ಷಣ ಹಗುರ ಮಾಡಬೇಕು, ಅಥವಾ ಅಂಗೈಯಗಲ ಪಕ್ಕಕ್ಕೆ ಸರಿದು ಎದೆಗೆ ಗಾಳಿ ತಾಗಿಸಿಕೊಳ್ಳಬೇಕು. ಗಾಳಿಯೇ ವೇಗ ತಗ್ಗಿಸುತ್ತದೆ. ಆ ದಿನ ಹೆಬ್ಬಾಲೆ ತಲುಪುವ ಹೊತ್ತಿಗೆ ನಮ್ಮಿಬ್ಬರ ಚಕ್ರಗಳ ನಡುವಿನ ಅಂತರ ಎರಡು ಮೀಟರಿನಿಂದ ಒಂದಕ್ಕೆ ಇಳಿದಿತ್ತು. ಅರ್ಧ ಮೀಟರಿಗೆ ಬರಲು ಎರಡು ತಿಂಗಳು ಬೇಕಾಯಿತು.

ನಾಲ್ಕು ಜನ ಸೇರಿ ಹೀಗೆ ಶುರುಮಾಡಿ. ಒಬ್ಬರ ಹಿಂದೆ ಒಬ್ಬರು, ಮುಂದಿರುವವರು ಒಂದು ನಿಮಿಷ ಗಾಳಿಗೆ ಎದುರಾಗಿ ಎಳೆಯಲಿ. ಆಮೇಲೆ ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು ಪಕ್ಕಕ್ಕೆ ಸರಿದು ತುಳಿತ ಹಗುರ ಮಾಡಿ ಸಾಲಿನ ಕೊನೆಗೆ ಸೇರಲಿ. ಎರಡನೆಯವರು ಮುಂದೆ ಬಂದಾಗ ವೇಗ ಹೆಚ್ಚಿಸಬಾರದು. ಹೊಸಬರೆಲ್ಲ ಮಾಡುವ ತಪ್ಪು ಇದು. ಮುಂದೆ ಬಂದ ಉತ್ಸಾಹಕ್ಕೆ ಜೋರಾಗಿ ತುಳಿದು ಸಾಲನ್ನೇ ಒಡೆಯುತ್ತಾರೆ. ಹೊಂಡ ಬಂದರೆ ಕೈಯಿಂದ ತೋರಿಸಿ, ಬಾಯಿಂದಲೂ ಕೂಗಿ. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಎಂದೂ ಹೋಗಬಾರದು. ಅವರು ಸ್ವಲ್ಪ ಸರಿದರೂ ಬೀಳುವವರು ನೀವೇ.

ಮೈದಾನದ ಹುಲ್ಲಿನ ಮೇಲೆ ಇಬ್ಬರು ಪಕ್ಕಪಕ್ಕ ಓಡಿಸುತ್ತಾ ಮೊಣಕೈಗೆ ಮೊಣಕೈ, ಭುಜಕ್ಕೆ ಭುಜ ತಾಗಿಸಿ ಅಭ್ಯಾಸ ಮಾಡಿ. ರೇಸಿನಲ್ಲಿ ಯಾರಾದರೂ ತಾಗಿಯೇ ತಾಗುತ್ತಾರೆ. ಆಗ ಬೆಚ್ಚಿ ಹ್ಯಾಂಡಲ್ ತಿರುಗಿಸಿದರೆ ನಿಮ್ಮೊಂದಿಗೆ ಹತ್ತು ಜನ ಬೀಳುತ್ತಾರೆ.

ಊಟ, ನೀರು

ಹೊರಡುವ ಎರಡು–ಮೂರು ಗಂಟೆ ಮೊದಲು ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಅಥವಾ ಅಕ್ಕಿ ರೊಟ್ಟಿಗೆ ಜೇನು ಹಚ್ಚಿಕೊಂಡು ತಿನ್ನಿ. ಪಂದಿ ಕರಿ (ಹಂದಿಮಾಂಸದ ಸಾರು) ಮಧ್ಯಾಹ್ನಕ್ಕಿರಲಿ, ಕೊಬ್ಬು ನಿಧಾನವಾಗಿ ಜೀರ್ಣವಾಗುತ್ತದೆ. ಒಂದೂವರೆ ಗಂಟೆಗಿಂತ ಉದ್ದದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಎರಡು–ಮೂರು ಏಲಕ್ಕಿ ಬಾಳೆಹಣ್ಣು, ಒಂದು ಸಣ್ಣ ತುಂಡು ಬೆಲ್ಲ ಎಂದರೆ ಆ ಲೆಕ್ಕ ಹೆಚ್ಚುಕಡಿಮೆ ತುಂಬುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು, ಅರ್ಧ ಗಂಟೆಗೊಮ್ಮೆ ತಿನ್ನಿ. ನಮ್ಮ ತಂಪಿನಲ್ಲಿ ಬಾಯಾರಿಕೆ ತಿಳಿಯುವುದಿಲ್ಲ. ಮೂರು ಗಂಟೆ ತುಳಿದು ತುಂಬಿದ ಬಾಟಲಿಯನ್ನೇ ಮನೆಗೆ ತರುವವರಿದ್ದಾರೆ. ಗಂಟೆಗೆ ಅರ್ಧ ಲೀಟರ್ ಕುಡಿಯುವ ಅಭ್ಯಾಸ ಇಲ್ಲೇ ಆಗಬೇಕು. ಉತ್ತರ ಕರ್ನಾಟಕದ ಬಿಸಿಲಲ್ಲಿ ರೇಸ್ ಇದ್ದರೆ ಹದಿನೈದು ದಿನ ಮೊದಲಿನಿಂದ ಮಧ್ಯಾಹ್ನದ ಹೊತ್ತು ಓಡಿಸಿ ಮೈಯನ್ನು ಬಿಸಿಲಿಗೆ ಒಗ್ಗಿಸಿ, ನೀರಿಗೆ ಉಪ್ಪು, ನಿಂಬೆ ಸೇರಿಸಿ.

ಯಾವ ರೇಸ್ ಮೊದಲು

ಟೈಮ್ ಟ್ರಯಲ್ ಅಥವಾ ಬೆಟ್ಟ ಹತ್ತುವ ರೇಸಿನಿಂದ ಶುರುಮಾಡಿ. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಮರೆಯಲ್ಲಿ ಓಡಿಸುವಂತಿಲ್ಲ, ಗಡಿಯಾರವೇ ಎದುರಾಳಿ. ಗುಂಪಿನಲ್ಲಿ ಬೀಳುವ ಭಯವಿಲ್ಲದೆ ನೋಂದಣಿ, ನಂಬರ್, ಸಮಯಕ್ಕೆ ಸರಿಯಾಗಿ ಗೆರೆಗೆ ಬರುವುದು ಎಲ್ಲ ರೂಢಿಯಾಗುತ್ತದೆ. ಎಲ್ಲರೂ ಒಟ್ಟಿಗೆ ಹೊರಡುವ ರೋಡ್ ರೇಸ್ ಎರಡನೆಯ ಮೆಟ್ಟಿಲು. ಸಣ್ಣ ಸುತ್ತನ್ನು ಹಲವು ಸಲ ಸುತ್ತುವ ಕ್ರೈಟೀರಿಯಂಗೆ ತಿರುವಿನ ಹಿಡಿತ ಗಟ್ಟಿಯಾದ ಮೇಲೆ ಹೋಗಿ.

ದೂರದ ಮೇಲೆ ಪ್ರೀತಿ ಇರುವವರಿಗೆ ಬ್ರೆವೆ ಎಂಬ ದೂರದ ಸವಾರಿ ಇದೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅದು ರೇಸ್ ಅಲ್ಲ, ಅಲ್ಲಿ ಮೊದಲಿಗರಿಲ್ಲ. ಆದರೆ ತಾಳ್ಮೆಯಿಂದ ತಿನ್ನುವುದು, ಕುಡಿಯುವುದು, ರಿಪೇರಿ ಮಾಡಿಕೊಳ್ಳುವುದನ್ನು ಅದರಷ್ಟು ಚೆನ್ನಾಗಿ ಬೇರೊಂದು ಕಲಿಸುವುದಿಲ್ಲ.

ವಾರಾಂತ್ಯದ ಹವ್ಯಾಸಿ ರೇಸುಗಳಿಗೆ ಸಾಮಾನ್ಯವಾಗಿ ನೋಂದಣಿ ಶುಲ್ಕ, ಹೆಲ್ಮೆಟ್ ಮತ್ತು ಸುಸ್ಥಿತಿಯ ಬ್ರೇಕ್ ಸಾಕು. ರಾಜ್ಯ, ರಾಷ್ಟ್ರಮಟ್ಟದ ದಾರಿ ರಾಜ್ಯ ಸೈಕ್ಲಿಂಗ್ ಸಂಸ್ಥೆ ಮತ್ತು ಭಾರತೀಯ ಸೈಕ್ಲಿಂಗ್ ಫೆಡರೇಷನ್ ಮೂಲಕ ಹೋಗುತ್ತದೆ. ವಯಸ್ಸಿನ ವಿಭಾಗವನ್ನು ಹುಟ್ಟಿದ ವರ್ಷದಿಂದ ಲೆಕ್ಕ ಹಾಕುತ್ತಾರೆ. ಯುಸಿಐ ನಿಯಮದಂತೆ 17–18 ಜೂನಿಯರ್, 19–22 ಇಪ್ಪತ್ಮೂರರೊಳಗಿನವರು, ಅದರ ಮೇಲೆ ಎಲೀಟ್. 30 ದಾಟಿದವರಿಗೆ ಮಾಸ್ಟರ್ಸ್ ವಿಭಾಗವಿದೆ. ಹಾಗಾಗಿ ತಡವಾಯಿತೆಂದು ಕೂರಬೇಡಿ.

ರೇಸಿನ ದಿನ

ಹಿಂದಿನ ವಾರ ತುಳಿತ ಅರ್ಧಕ್ಕೆ ಇಳಿಸಿ. ಹೊಸ ಶೂ, ಹೊಸ ಸೀಟು, ಹೊಸ ತಿಂಡಿ ಯಾವುದೂ ಬೇಡ. ಹಿಂದಿನ ರಾತ್ರಿಯೇ ನಂಬರ್ ಪಿನ್ ಮಾಡಿ, ಚೈನಿಗೆ ಎಣ್ಣೆ ಹಾಕಿ ಒರೆಸಿ, ಬ್ರೇಕ್ ಒತ್ತಿ ನೋಡಿ. ಬೆಳಿಗ್ಗೆ ಒಂದು ಗಂಟೆ ಮೊದಲು ತಲುಪಿ ಕೊನೆಯ ಎರಡು ಕಿ.ಮೀ. ರಸ್ತೆಯನ್ನು ಒಮ್ಮೆ ಓಡಿಸಿ ಬನ್ನಿ. ಹೊಂಡ, ಹಂಪ್, ಕೊನೆಯ ತಿರುವು, ಗಾಳಿಯ ದಿಕ್ಕು ನೆನಪಿರಲಿ.

ಗುಂಪಿನ ಮುಂದಿನ ಮೂರನೇ ಒಂದು ಭಾಗದಲ್ಲಿರಿ, ಆದರೆ ತುತ್ತತುದಿಯಲ್ಲಿ ಬೇಡ. ಹಿಂದೆ ಉಳಿದರೆ ಪ್ರತಿ ತಿರುವಿನ ನಂತರವೂ ಸಾಲು ರಬ್ಬರಿನಂತೆ ಹಿಗ್ಗುತ್ತದೆ, ಅದನ್ನು ಹಿಡಿಯಲು ಓಡಿ ಓಡಿಯೇ ಕಾಲು ಖಾಲಿಯಾಗುತ್ತದೆ. ರಸ್ತೆ ಪೂರ್ತಿ ಮುಚ್ಚಿರದಿದ್ದರೆ ನಡುಗೆರೆ ದಾಟಬೇಡಿ. ಏರು ಬಂದ ಕೂಡಲೇ ಕೊಡಗಿನ ಕಾಲುಗಳಿಗೆ ನುಗ್ಗುವ ಆಸೆಯಾಗುತ್ತದೆ. ಏರು ಮುಗಿದು ಇಪ್ಪತ್ತು ಕಿ.ಮೀ. ಸಮತಟ್ಟು ಬಾಕಿ ಇದ್ದರೆ ಒಬ್ಬರೇ ಮುಂದೆ ಹೋಗಿ ಪ್ರಯೋಜನವಿಲ್ಲ, ಹಿಂದಿನ ಗುಂಪು ಸರದಿಯಲ್ಲಿ ಎಳೆದು ಹಿಡಿದೇ ಹಿಡಿಯುತ್ತದೆ. ಇಬ್ಬರು ಮೂವರನ್ನು ಜೊತೆಗೆ ಎಳೆದುಕೊಂಡು ಹೋಗುವಷ್ಟೇ ವೇಗದಲ್ಲಿ ಹತ್ತಿ, ಮೇಲೆ ತಲುಪಿದ ಮೇಲೆ ಸರದಿ ಹಾಕಿಕೊಳ್ಳಿ. ಕೊನೆಯ ಸ್ಪ್ರಿಂಟ್‌ಗೆ ಇನ್ನೂರು ಮೀಟರ್ ಉಳಿದಾಗ ಮರೆಯಿಂದ ಹೊರಬನ್ನಿ, ಗೆರೆ ದಾಟುವವರೆಗೆ ನೇರವಾಗಿ ಓಡಿಸಿ.

ಗುಂಪು ಬಿಟ್ಟುಹೋದರೆ ರೇಸ್ ಬಿಡಬೇಡಿ. ಹಿಂದೆ ಬಿದ್ದ ಇನ್ನೊಬ್ಬರು ಎಲ್ಲೋ ಹತ್ತಿರದಲ್ಲೇ ಇರುತ್ತಾರೆ, ಅವರೊಂದಿಗೆ ಸರದಿಯಲ್ಲಿ ತುಳಿದು ಮುಗಿಸಿ. ಮನೆಗೆ ಬಂದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಗುಂಪು ಎಷ್ಟನೇ ಕಿಲೋಮೀಟರಿನಲ್ಲಿ ತಪ್ಪಿತು, ತಿರುವಿನ ನಂತರವೋ, ಗಾಳಿಯಲ್ಲೋ, ಕೊನೆಯದಾಗಿ ತಿಂದದ್ದು ಯಾವಾಗ. ಎರಡು ದಿನ ಮೈ ಆರಲಿ. ಮುಂದಿನ ಭಾನುವಾರ ಬೆಳಕು ಹರಿದ ಮೇಲೆ ಆ ನೋಟ್‌ಬುಕ್ಕಿನೊಂದಿಗೆ ಕೂಡಿಗೆ ರಸ್ತೆಗೆ ಬನ್ನಿ, ಜೊತೆಗೆ ಇನ್ನೂ ಮೂವರನ್ನು ಕರೆತನ್ನಿ.